ಗಾಳಿಗೆ ಮುರಿದ ಸಿಮೆಂಟ್ ಶೀಟು

ಪ್ರಶ್ನೆ: ಸಾರ್, ಬಿರುಗಾಳಿ ಮಳೆಗೆ ನಮ್ಮ ಹಿತ್ತಲ ಗೋಡೆಗೆ ಮರೆ ಹೊಡೆದಿದ್ದ ಹಳೇ ಸಿಮೆಂಟ್ ಶೀಟು ಅರ್ಧ ಮುರಿದು ಬಿತ್ತು, ಮಿಕ್ಕಿದ್ದು ನೇತಾಡ್ತಿದೆ. ಅದ್ರಲ್ಲಿ ಆಸ್ಬೆಸ್ಟಾಸ್ ಇದೆ ಅಂತಾರೆ. ನಾವೇ ಕಿತ್ತು, ಚೂರನ್ನ ಗದ್ದೆ ದಾರಿ ಗುಂಡಿಗೆ ತುಂಬ್ಬೋದಾ?
- ಓದುಗರು, ಮದ್ದೂರು

ಉತ್ತರ: ಗುಂಡಿಗೆ ಮಾತ್ರ ಬೇಡ್ವೇ ಬೇಡ. ಗಾಡಿ ಓಡಾಡಿ ಪುಡಿಯಾದ್ರೆ ಕಣ್ಣಿಗೆ ಕಾಣದ ಆಸ್ಬೆಸ್ಟಾಸ್ ನಾರು ಗಾಳಿಗೆ ಸೇರತ್ತೆ, ಶ್ವಾಸಕೋಶಕ್ಕೆ ಹೋಗಿ ಕೂತ್ರೆ 20-40 ವರ್ಷ ಆದ್ಮೇಲೂ ಕ್ಯಾನ್ಸರ್ ಬರ್ಬೋದು. ಗಟ್ಟಿಯಾಗಿರೋ ಶೀಟಿಂದ ಅಷ್ಟು ಅಪಾಯ ಇಲ್ಲ, ಒಡೆದಾಗ, ಕೊಯ್ದಾಗ್ಲೇ ತೊಂದ್ರೆ.

ಆದಷ್ಟು ಈ ಕೆಲ್ಸ ಗೊತ್ತಿರೋರ್ನೇ ಕರೀರಿ. ಕರೆಂಟ್ ಆಫ್ ಮಾಡಿ, ಮಕ್ಕಳು ದನ ಎಲ್ಲಾ ದೂರ ಇರ್ಲಿ. ಸ್ವಲ್ಪ ಪಾತ್ರೆ ತೊಳೆಯೋ ಸೋಪು ಕಲಸಿದ ನೀರನ್ನ ಮೆಲ್ಲಗೆ ಚಿಮುಕಿಸಿ ಶೀಟನ್ನ ಒದ್ದೆ ಮಾಡ್ಕೊಂಡು, ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸ್ಬೇಕು, ಎಸೀಬಾರ್ದು, ಸುತ್ತಿಗೆ ಗ್ರೈಂಡರ್ ಮುಟ್ಟಲೇಬಾರ್ದು. ಟವಲ್ ಕಟ್ಕೊಂಡ್ರೆ ಏನೂ ಪ್ರಯೋಜನ ಇಲ್ಲ, ಮುಖಕ್ಕೆ ಬಿಗಿಯಾಗಿ ಕೂರೋ, ತೀರಾ ಸಣ್ಣ ಧೂಳನ್ನೂ ತಡೆಯೋ ಪಿ100 ಫಿಲ್ಟರ್ ಮಾಸ್ಕ್ ಬೇಕು. ಪೊರಕೇಲಿ ಗುಡಿಸ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ ಆ ಬಟ್ಟೇನೂ ಶೀಟಿನ ಚೂರಿನ ಜೊತೆಗೇ ಹಾಕಿ. ಎಲ್ಲಾನೂ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ, ಮೇಲೆ ‘ಆಸ್ಬೆಸ್ಟಾಸ್’ ಅಂತ ಬರೀರಿ. ಇದು ಅಪಾಯಕಾರಿ ತ್ಯಾಜ್ಯ, ಎಲ್ಲಿಗೆ ಕೊಡ್ಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರೀಲಿ ಕೇಳಿ. ಕೆಲ್ಸದ ಬಟ್ಟೇನ ಮನೆಯೋರ ಬಟ್ಟೆ ಜೊತೆ ಒಗೀಬೇಡಿ.

ಚೆನ್ನಾಗಿದೆ ಅಂತ ಉಳಿದ ಶೀಟನ್ನ ಕೋಳಿ ಗೂಡಿಗೆ ಹೊಡೀಬೇಡಿ, ದಯವಿಟ್ಟು.