ಬಾಲಮಂದಿರದ ಮಕ್ಕಳ ಹತ್ತಿರ ಅಂಕ ಕೇಳಬೇಡಿ

ಮೈಸೂರಿನಲ್ಲಿ ಎಂಎಸ್‌ಡಬ್ಲ್ಯು, ಅಂದ್ರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದ್ತಿದ್ದೀರಿ. ಬಾಲಮಂದಿರದ ಮಕ್ಕಳಿಂದ ಅಲ್ಲಿನ ಸೇವೆಗೆ ಐದಕ್ಕೆ ಎಷ್ಟು ಅಂತ ಅಂಕ ಹಾಕಿಸಬೇಕು, ಪ್ರಶ್ನೆ ಹೇಗಿರಬೇಕು ಅಂತ ಕೇಳಿದ್ದೀರಿ. ಮನೆಯಲ್ಲಿ ಆಸರೆ ಇಲ್ಲದ ಮಕ್ಕಳನ್ನು ಇಟ್ಟು ನೋಡ್ಕೊಳ್ಳೋ ಅಂಥ ಕಡೆಯೇ ನಾನು ಬೆಳೆದವಳು.

ನಮ್ಮೂರು ಮದ್ದೂರಿನ ಕಡೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಕುಡಿತ, ಹೊಡೆತ ಎರಡೂ ಜಾಸ್ತಿಯಾಯಿತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಕ್ಕಳ ಕಲ್ಯಾಣ ಸಮಿತಿ ನನ್ನನ್ನು ಹುಡುಗಿಯರ ಬಾಲಮಂದಿರಕ್ಕೆ ಕಳಿಸಿತು, ತಮ್ಮನನ್ನು ಹುಡುಗರದ್ದಕ್ಕೆ. ಅದು ಬೇರೆ ಊರಲ್ಲಿತ್ತು.

ವಿಚಾರಿಸೋಕೆ ಒಬ್ಬರು ಮೇಡಂ ಬರುತ್ತಿದ್ದರು. ಫೈಲ್ ಬಿಚ್ಚಿ, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು, "ಊಟ ಚೆನ್ನಾಗಿದ್ಯಾ ಪುಟ್ಟಿ? ಆಂಟಿ ಚೆನ್ನಾಗಿ ನೋಡ್ಕೋತಾರಾ?" ಅನ್ನೋರು. ಆ ಆಂಟಿ ಬಾಗಿಲಲ್ಲೇ ನಿಂತಿರೋರು. ನಾನು "ಹೂಂ ಮೇಡಂ" ಅಂತಿದ್ದೆ.

ಎಡವಟ್ಟಾಗಿದ್ದು ಅಲ್ಲೇ. ಆಂಟಿ ಕೆಟ್ಟವರು ಅಂದ್ಕೋಬೇಡಿ. ಊಟವೂ ಚೆನ್ನಾಗಿತ್ತು, ಮುದ್ದೆ ಬಸ್ಸಾರು ಹೊಟ್ಟೆ ತುಂಬ ಹಾಕೋರು. ಆದರೆ ಮೇಡಂ ಹೊರಟು ಹೋಗ್ತಾರೆ, ರಾತ್ರಿ ನಮ್ಮ ಜೊತೆ ಇರೋದು ಆಂಟಿ. ಅವರ ಎದುರಿಗೇ "ನನಗಿಲ್ಲಿ ಆಗ್ತಿಲ್ಲ" ಅಂತ ಯಾವ ಮಗು ಹೇಳುತ್ತೆ? ಜೊತೆಗೆ, ನನ್ನ ಚಿಂತೆ ಊಟದ್ದಾಗಿರಲಿಲ್ಲ. ತಮ್ಮ ಹೇಗಿದ್ದಾನೆ, ಯಾವಾಗ ನೋಡಬಹುದು ಅನ್ನೋದಾಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಫೈಲಲ್ಲಿ "ಹೊಂದಿಕೊಂಡಿದ್ದಾಳೆ" ಅಂತ ಬರೆದರು. ಹೊಂದಿಕೊಂಡ ಹುಡುಗಿಯ ವಿಷಯದಲ್ಲಿ ಯಾರಿಗೆ ಅವಸರ? ತಮ್ಮನ ಭೇಟಿ ಮುಂದಕ್ಕೆ ಹೋಗ್ತಾನೇ ಇತ್ತು. ಕೊನೆಗೂ ನೋಡಿದಾಗ ಅವನ ಹಾಲುಹಲ್ಲು ಬಿದ್ದು ಹೊಸದು ಬಂದಿತ್ತು. ನನ್ನ ಹತ್ತಿರ ಬರದೆ ಪಕ್ಕದಲ್ಲಿದ್ದ ಸಾರ್ ಕೈ ಹಿಡಿದುಕೊಂಡ.

ಅದಕ್ಕೇ ಹೇಳ್ತೀನಿ, ಅಂಕ ಬಿಡಿ. ಬೇರೆ ಮನೆ ಇಲ್ಲದ ಮಕ್ಕಳು ಐದಕ್ಕೆ ಐದೇ ಕೊಡ್ತಾರೆ. ಮುಂದೇನಾಗುತ್ತೆ ಅಂತ ಯಾರಾದ್ರೂ ಹೇಳಿದ್ರಾ ಅಂತ ಕೇಳಿ. ಬರ್ತೀನಿ ಅಂದವರು ಬಂದ್ರಾ ಕೇಳಿ. ಮನೆ ಕಥೆಯನ್ನು ಎಷ್ಟು ಜನರ ಮುಂದೆ ಹೇಳಬೇಕಾಯ್ತು ಅಂತ ಖಂಡಿತ ಕೇಳಿ. ಸಿಬ್ಬಂದಿ ಬದಲಾದಾಗಲೆಲ್ಲ ಅಪ್ಪ ಯಾವುದರಲ್ಲಿ ಹೊಡೀತಿದ್ರು ಅಂತ ಮೊದಲಿಂದ ಹೇಳೋದಿದೆಯಲ್ಲ, ಅದು ಹೊಡೆತಕ್ಕಿಂತ ಕಷ್ಟ.

ಮಕ್ಕಳ ಮಾತು ಕೇಳಬೇಕು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಸಲಹೆ ಪೆಟ್ಟಿಗೆ ಆಫೀಸಿನಿಂದ ದೂರ, ಮಕ್ಕಳು ಮಲಗೋ ಜಾಗಕ್ಕೆ ಹತ್ತಿರ ಇರಬೇಕು, ವಾರ ವಾರ ತೆಗೆದು ನೋಡಬೇಕು ಅಂತ ಆ ಕಾಯ್ದೆಯ 2016ರ ಮಾದರಿ ನಿಯಮಗಳು ಹೇಳುತ್ತವೆ. ನಮ್ಮಲ್ಲಿ ಅದು ಆಫೀಸಿನ ಬಾಗಿಲ ಪಕ್ಕದಲ್ಲೇ ಇತ್ತು. ಅದಕ್ಕೆ ಚೀಟಿ ಹಾಕಿದವರನ್ನು ನಾನು ನೋಡಲಿಲ್ಲ. ನೀವು ಹೋದಾಗ ಮೊದಲು ಅದೆಲ್ಲಿದೆ ನೋಡಿ.

ಸಿಬ್ಬಂದಿ ಕಿವಿಗೆ ಬೀಳದ ಕಡೆ ಕೂತು ಮಾತಾಡಿ. ಯಾರಿಗೂ ಹೇಳಲ್ಲ ಅಂತ ಮಾತ್ರ ಭಾಷೆ ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೊ ಕಾಯ್ದೆಯಂತೆ ನೀವು ತಿಳಿಸಲೇಬೇಕು. ಮಕ್ಕಳು ಹೇಳಿದ್ದರಿಂದ ಏನಾಯ್ತು, ಏನಾಗಲಿಲ್ಲ ಅಂತ ವಾಪಸ್ ಹೋಗಿ ಅವರಿಗೇ ಹೇಳಿ. ಅಷ್ಟಕ್ಕೆ ಪುರುಸೊತ್ತಿಲ್ಲ ಅಂದ್ರೆ ದಯವಿಟ್ಟು ಬೇರೆ ವಿಷಯ ತಗೊಳ್ಳಿ.