ಮಿಂಚಿನ ರೇಡಿಯೋ ಸದ್ದನ್ನು ಮನೆಯಲ್ಲಿ ಮಾಡಿದ ಉಪಕರಣದಲ್ಲಿ ಕೇಳಬಹುದಾ?

ಖಂಡಿತ ಕೇಳಬಹುದು. ಖರ್ಚು ಎಷ್ಟಾಗುತ್ತೆ ಅಂತಲೂ ಕೇಳಿದ್ದೀರಿ. ದುಡ್ಡು ಜಾಸ್ತಿ ಬೇಡ, ಕರೆಂಟ್ ಕಂಬ ಇಲ್ಲದ ಜಾಗ ಬೇಕು.

ಮಿಂಚು ಹೊಡೆದಾಗ ಹೊರಡುವ ರೇಡಿಯೋ ಅಲೆ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಅದರ ಕಂಪನದ ದೊಡ್ಡ ಪಾಲು ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇರುತ್ತೆ, ಹಾಗಾಗಿ ಟ್ಯೂನರ್ ಬೇಡ, ಒಂದು ಸುರುಳಿ, ಆಂಪ್ಲಿಫೈಯರ್, ಇಯರ್‌ಫೋನ್ ಇದ್ದರೆ ಆಯಿತು.

ನಾನು 1 ಮೀಟರ್ ಚೌಕದ ಮರದ ಫ್ರೇಮ್‌ಗೆ ಅರ್ಧ ಮಿಲಿಮೀಟರ್ ದಪ್ಪದ ತಂತಿ 50 ಸುತ್ತು ಸುತ್ತಿದೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿ, ತೂಕಕ್ಕೆ ಕೊಡುತ್ತಾರೆ, ಸುಮಾರು 350 ಗ್ರಾಂ ಸಾಕು. ಎನ್‌ಇ 5532 ಐಸಿ ಹಾಕಿದ ಆಂಪ್ಲಿಫೈಯರ್, 9 ವೋಲ್ಟ್ ಬ್ಯಾಟರಿ. ಅಡಾಪ್ಟರ್ ಮಾತ್ರ ಹಾಕಲೇಬೇಡಿ, ಕರೆಂಟಿನ ಸದ್ದು ಒಳಗೆ ನುಗ್ಗುತ್ತೆ.

ಮನೆ ಮಾಳಿಗೆ ಮೇಲೆ ಕೇಳಿದ್ದು ಬರೀ ಗುಂಯ್ ಅನ್ನುವ, ಕರೆಂಟ್ ತಂತಿಗಳ 50 ಹರ್ಟ್ಸ್ ಸದ್ದು. ಸರ್ಕ್ಯೂಟ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಬೆಸುಗೆ ಬಿಚ್ಚಿದೆ. ಆಮೇಲೆ ಊರಾಚೆ ಕೆರೆ ಏರಿಗೆ ಹೊತ್ತುಕೊಂಡು ಹೋಗಿ ಫ್ರೇಮನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದೆ. ಒಂದು ದಿಕ್ಕಿಗೆ ಬಂದಾಗ ಗುಂಯ್ ಅಡಗಿತು, ಅದರ ಹಿಂದಿನಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಶುರುವಾಯಿತು. ಕತ್ತಲಾದ ಮೇಲೆ ಚಟಪಟದ ನಡುವೆ ಬಿಗಿದ ತಂತಿ ಮೀಟಿದಂತೆ ‘ಟ್ಯೂಂ’ ಅನ್ನುವ ಸದ್ದುಗಳೂ ಬಂದವು. ಇವಕ್ಕೆ ಟ್ವೀಕ್ ಅನ್ನುತ್ತಾರೆ. ರಾತ್ರಿ ಅಲೆ ನೆಲಕ್ಕೂ ಸುಮಾರು 85-90 ಕಿಲೋಮೀಟರ್ ಮೇಲಿನ ಅಯಾನುಗೋಳಕ್ಕೂ (ಗಾಳಿಯಲ್ಲಿ ವಿದ್ಯುತ್ ಕಣಗಳಿರುವ ಪದರ) ಪುಟಿಯುತ್ತಾ ಬರುತ್ತದೆ, ಸುಮಾರು 1.7 ಕಿಲೋಹರ್ಟ್ಸ್ ಹತ್ತಿರದ ಭಾಗ ಹಿಂದೆ ಬೀಳುತ್ತದೆ, ಅದಕ್ಕೇ ಸದ್ದು ಕೆಳಕ್ಕೆ ಜಾರುತ್ತದೆ.

ಉಪಕರಣ ಸರಿ ಇದೆಯಾ ಅಂತ ನೋಡಬೇಕಾದರೆ ರೆಕಾರ್ಡ್ ಮಾಡಿ ಅದರ ಸ್ಪೆಕ್ಟ್ರಮ್, ಅಂದರೆ ಯಾವ ಕಂಪನದಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಚಿತ್ರ, ತೆರೆಯಿರಿ. 18.2 ಕಿಲೋಹರ್ಟ್ಸ್‌ನಲ್ಲಿ ಗೆರೆ ಕಂಡರೆ ಅದು ತಿರುನೆಲ್ವೇಲಿ ಕಡೆಯ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರದ್ದು.

ವಿಸ್ಲರ್, ಅಂದರೆ ಭೂಮಿಯ ಕಾಂತರೇಖೆ ಹಿಡಿದು ಬರುವ ಮಿಂಚಿನ ಅಲೆಯ ಉದ್ದನೆಯ ಸಿಳ್ಳೆ, ಬೇಕು ಅಂತ ಕಾಯಬೇಡಿ. ನಾವು ಕಾಂತೀಯ ಸಮಭಾಜಕದ ಹತ್ತಿರ ಇದ್ದೇವಲ್ಲ, ಇಲ್ಲಿ ಅದು ಸಿಗುವುದು ತೀರಾ ಅಪರೂಪ. ಗುಲ್ಮಾರ್ಗ್, ನೈನಿತಾಲ್, ವಾರಾಣಸಿಯಲ್ಲಿ ದಾಖಲಾಗಿದೆ. ಮಿಂಚುಗಳಿಂದ ಇಡೀ ಭೂಮಿಯ ಸುತ್ತ ಏಳುವ 7.83 ಹರ್ಟ್ಸ್‌ನ ಶೂಮನ್ ಅನುರಣನಕ್ಕೂ ಈ ಫ್ರೇಮ್ ಆಗುವುದಿಲ್ಲ. ಅದು ಪಿಕೋಟೆಸ್ಲಾ ಲೆಕ್ಕದ, ಅಂದರೆ ತೀರಾ ಕ್ಷೀಣವಾದ ಸಿಗ್ನಲ್, ಕಾಂತೀಯ ಕೋಲಿನ ಮೇಲೆ ಹತ್ತಾರು ಸಾವಿರ ಸುತ್ತಿನ ಸುರುಳಿ ಬೇಕು.

ಇನ್ನೊಂದು ಮಾತು. ಇಯರ್‌ಫೋನ್ ತೆಗೆದಾಗಲೂ ಗುಡುಗು ಕೇಳಿಸಿದರೆ ಫ್ರೇಮನ್ನು ಅಲ್ಲೇ ಬಿಟ್ಟು ಒಳಗೆ ಓಡಿ. ತಂತಿ ಮತ್ತೆ ತರಬಹುದು.