ಚೀಲದ ಕಾಟಾ ಕುಣಿಯೋದು: ಆ ಮೈನಸ್ ಪಿನ್ನು ಗ್ರೌಂಡ್ ಅಲ್ಲ
ಗಂಗಾವತಿ ಅಣ್ಣಾರ, ನಿಮ್ಮ ಪ್ರಶ್ನೆ ಇಷ್ಟು: ರೈಸ್ ಮಿಲ್ಲಿನ ಕಾಟಾಕ್ಕ ಪಿಜಿಎ280 (ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಆಂಪ್ಲಿಫೈಯರ್ ಚಿಪ್) ಹಾಕೀರಿ, ಪ್ಲಸ್ ಔಟ್‌ಪುಟ್ ಒಂದನ್ನೇ ಎಡಿಸಿಗೆ (ವೋಲ್ಟೇಜನ್ನ ಅಂಕಿ ಮಾಡೋ ಚಿಪ್) ಕೊಟ್ಟು ಮೈನಸ್ಸನ್ನ ಗ್ರೌಂಡಿಗೆ ಕಟ್ಟೀರಿ. ಚಿಪ್ ಬಿಸಿ ಆಗತೈತಿ, ಎಲಿವೇಟರ್ ಮೋಟರ್ ಚಾಲೂ ಆದ್ರ ತೂಕ ಕುಣೀತೈತಿ. ಮೊದಲು ಪವರ್ ತೆಗೆದು ಆ ಗ್ರೌಂಡ್ ವೈರ್ ಬಿಚ್ರಿ, ಆಮೇಲೆ ಮುಂದ ಓದ್ರಿ.

ಮೈನಸ್ಸೂ ಪ್ಲಸ್ಸಿನಷ್ಟೇ ದುಡಿಯೋ ಔಟ್‌ಪುಟ್. ವಿಒಸಿಎಂ ಪಿನ್ನಿಗೆ ನೀವು ಕೊಟ್ಟ 2.5 ವೋಲ್ಟೇ ಎರಡೂ ಔಟ್‌ಪುಟ್ಟಿನ ನಡುಮಟ್ಟ. ಅಲ್ಲಿಂದ ಒಂದು ಏರಿದಷ್ಟೇ ಇನ್ನೊಂದು ಇಳೀತೈತಿ. ನಿಮ್ಮದು 100 ಕೆ.ಜಿ. ಲೋಡ್ ಸೆಲ್ (ತೂಕವನ್ನ ವೋಲ್ಟೇಜ್ ಮಾಡೋ ಸೆನ್ಸರ್), ಪೂರ್ತಿ ಭಾರಕ್ಕ ಸಪ್ಲೈಯ ಒಂದೊಂದು ವೋಲ್ಟಿಗೆ 2 ಮಿಲಿವೋಲ್ಟ್, ಸಪ್ಲೈ 5 ವೋಲ್ಟ್. 75 ಕೆ.ಜಿ. ಭತ್ತದ ಚೀಲ ಇಟ್ರ 7.5 ಮಿಲಿವೋಲ್ಟ್, ಗೇನ್ (ಎಷ್ಟು ಪಟ್ಟು ಹೆಚ್ಚಿಸೋದು) 128 ಇದ್ರ 0.96 ವೋಲ್ಟ್. ಅದನ್ನ ಇಬ್ಬರೂ ಅರ್ಧರ್ಧ ಹಂಚಿಕೊಳ್ತಾರ: ಪ್ಲಸ್ 2.98, ಮೈನಸ್ 2.02. ಮೀಟರ್ ಹಿಡಿದು ನೋಡ್ರಿ. ಕಾಟಾ ಖಾಲಿ ಇರಲಿ, ಚೀಲ ಇರಲಿ, ಎರಡೂ ಕೂಡಿಸಿದ್ರ 5ರ ಹತ್ತಿರಾನೇ ಬರಬೇಕು.

ಆ ನಡುಮಟ್ಟ ಕಾಯಾಕಂತಾನೇ ಚಿಪ್ಪಿನ ಒಳಗ ಬೇರೆ ಫೀಡ್‌ಬ್ಯಾಕ್ ಇರತೈತಿ. ಮೈನಸ್ಸನ್ನ ಸೊನ್ನೆಗೆ ಎಳೆದ್ರ ಸರಾಸರಿ ಕುಸಿದದ್ದು ಅದಕ್ಕ ಗೊತ್ತಾಗಿ ಎರಡನ್ನೂ ಮೇಲಕ್ಕ ಎತ್ತಾಕ ಹೋಗತೈತಿ. ಮೈನಸ್ ಏಳಂಗಿಲ್ಲ, ಕರೆಂಟ್ ಹರದು ಬಿಸಿ ಆಗತೈತಿ. ಪ್ಲಸ್ಸಿನ ರೀಡಿಂಗೂ ನಂಬೋ ಹಂಗಿರಂಗಿಲ್ಲ.

ಈಗ ಮೋಟರ್ ವಿಷಯ. ಎರಡೂ ವೈರ್ ಹೊಸೆದು ಎಡಿಸಿಯ ಡಿಫರೆನ್ಷಿಯಲ್ (ಎರಡು ವೈರಿನ ವ್ಯತ್ಯಾಸ ಓದೋ) ಇನ್‌ಪುಟ್ಟಿಗೆ ಒಯ್ರಿ. ಹೊಸೆದಿದ್ರ ಮೋಟರಿನ ವಿದ್ಯುತ್ ಗದ್ದಲ ಎರಡರಾಗೂ ಹೆಚ್ಚುಕಡಿಮಿ ಒಂದೇ ಸಮ ಕೂಡತೈತಿ, ಎಡಿಸಿ ಒಂದರಾಗಿಂದ ಇನ್ನೊಂದನ್ನ ಕಳೆದಾಗ ಅದೂ ಹೋಗತೈತಿ. ನಿಮ್ಮ ಲೆಕ್ಕದಾಗ ಒಂದು ಕೆ.ಜಿ.ಗೆ ವ್ಯತ್ಯಾಸ 12.8 ಮಿಲಿವೋಲ್ಟ್, ಒಂದೇ ವೈರಿನಾಗ 6.4 ಮಾತ್ರ, ಅಷ್ಟೇ ಗದ್ದಲ ಕೂಡಿದ್ರ ಒಂದು ಕೆ.ಜಿ. ತಪ್ಪು. ರೈತನ ಚೀಲದ ಲೆಕ್ಕಾರಿ ಇದು, ಬಿಡೋ ಹಂಗಿಲ್ಲ.

ಫಿಲ್ಟರಿಗೆ ಎರಡೂ ವೈರಿನಾಗ ತಲಾ 100 ಓಮ್, ಎರಡರ ನಡುವ 10 ನ್ಯಾನೋಫ್ಯಾರಡ್ ಕೆಪಾಸಿಟರ್, ಗ್ರೌಂಡಿಗೆ ತಲಾ 1 ನ್ಯಾನೋಫ್ಯಾರಡ್ ಹಾಕ್ರಿ. ಕಾರಟಗಿಯ ಒಂದು ಕಾಟಾದಾಗ ನಾನು ನಡುವಿನದು ಬಿಟ್ಟು ಗ್ರೌಂಡಿನವು ಮಾತ್ರ ಹಾಕಿದ್ದೆ. ಎರಡು ಕೆಪಾಸಿಟರ್ ತಂತಮ್ಮೊಳಗ ಹೊಂದಲಿಲ್ಲ. ಸಮ ಇದ್ದ ಗದ್ದಲ ಅಲ್ಲೇ ವ್ಯತ್ಯಾಸ ಆಗಿ ರೀಡಿಂಗಿನಾಗ ಬಂತು. ನಡುವಿನದು ಹತ್ತು ಪಟ್ಟು ದೊಡ್ಡದಿದ್ರ ಆ ಏರುಪೇರು ಮುಚ್ಚಿ ಹೋಗತೈತಿ.

ಗೇನ್ ಬದಲಿಸಿದ್ರ ನಡುಮಟ್ಟ ಅಲ್ಲೇ ನಿಲ್ಲತೈತಿ, ಆದ್ರ ಮೊದಲಿನ ನಾಲ್ಕೈದು ರೀಡಿಂಗ್ ಬಿಟ್ಟು ಮತ್ತ ಸೊನ್ನೆ ಮಾಡ್ಕೋರಿ.

ವೈರ್ ಬಿಚ್ಚಿದ ಮ್ಯಾಲೆ ಖಾಲಿ ಕಾಟಾದ ಎರಡೂ ಪಿನ್ನಿನ ವೋಲ್ಟೇಜ್ ಇಲ್ಲೇ ಹಾಕ್ರಿ, ಚಿಪ್ ಉಳಿದೈತೋ ಇಲ್ಲೋ ನೋಡೋಣ.